ಎರಡು ಸಾವಿರ ವ್ಯಾಟ್ ಎಂಬ ಅಂಕಿ

ಲೆಕ್ಕಪತ್ರ, ತೆರಿಗೆ, ದಾಸ್ತಾನಿನ ಮೌಲ್ಯಮಾಪನ ಮುಂತಾದ ವಿಷಯಗಳನ್ನು ಕುರಿತು ಈ ಪತ್ರಿಕೆಗೆ ಬರೆಯುತ್ತ ಬಂದಿರುವ ನಾನು ಈ ತಿಂಗಳು ಸ್ಪೀಕರ್ ಪೆಟ್ಟಿಗೆಯನ್ನು ಕುರಿತು ಬರೆಯಹೊರಟಿರುವುದು ಸದಸ್ಯರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮಲ್ಲಿ ಎಲೆಕ್ಟ್ರಾನಿಕ್ ಸರಕಿನ ವರ್ತಕರಿದ್ದಾರೆ, ಪ್ಲೈವುಡ್ ಕ್ಯಾಬಿನೆಟ್ ತಯಾರಿಸುವವರಿದ್ದಾರೆ, ಮದುವೆ ಉತ್ಸವಗಳಿಗೆ ಶಾಮಿಯಾನ ಮತ್ತು ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರೂ ಇದ್ದಾರೆ. ವಿಷಯ ಅವರಿಗೆ ನೇರವಾಗಿ ಸಂಬಂಧಿಸಿದ್ದು. ಚೀಟಿಯ ಮೇಲಿನ ಅಂಕಿಯನ್ನು ನಂಬಿ ಸರಕು ಕೊಳ್ಳುವ ಉಳಿದ ನಮಗೆಲ್ಲರಿಗೂ ಪರೋಕ್ಷವಾಗಿ ಸಂಬಂಧಿಸಿದ್ದು.

ನನ್ನ ತಂಗಿಯ ಮಗ ವಾದ್ಯವೃಂದವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಕೆಲವು ಹಾಡುಗಳಿಗೆ ಅದನ್ನು ಬದಿಗಿಟ್ಟು ಸಿಂಥಸೈಜರಿನಲ್ಲಿ ಬೇಸ್ ಭಾಗವನ್ನು ನುಡಿಸುತ್ತಾನೆ. ಎರಡಕ್ಕೂ ಒದಗುವಂತಹ ಒಂದೇ ಪವರ್ಡ್ ಸ್ಪೀಕರನ್ನು, ಅಂದರೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಅಡಕವಾಗಿರುವ ಸ್ಪೀಕರನ್ನು, ಸಾಲ ಮಾಡಿ ಕೊಳ್ಳಲು ಹೊರಟ. ಸಾಲಕ್ಕೆ ಜಾಮೀನು ನಾನೇ ಆದ್ದರಿಂದ ಅಂಗಡಿಗೂ ಜೊತೆಯಲ್ಲಿ ಹೋದೆ. "2000 ವ್ಯಾಟ್" ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ 12 ಇಂಚಿನ ಪೆಟ್ಟಿಗೆಯೊಂದನ್ನು ತೋರಿಸಿದರು. ಮೊಬೈಲಿನಿಂದ ಚಲನಚಿತ್ರಗೀತೆಯೊಂದನ್ನು ಹಾಕಿದಾಗ ಕಪಾಟಿನ ಗಾಜು ನಡುಗಿತು. ನಾನೂ ತಲೆದೂಗಿದೆ. 52,000 ರೂಪಾಯಿ ಕೊಟ್ಟು ಬಂದೆವು.

ಹದಿನೈದು ದಿನಗಳ ಬಳಿಕ ಬಯಲು ವೇದಿಕೆಯಲ್ಲಿ ಕಾರ್ಯಕ್ರಮ. ಡ್ರಮ್ಸ್ ಆರಂಭವಾದೊಡನೆ ಅವನ ಗಿಟಾರಿನಿಂದ ತಂತಿ ಮಿಡಿದ ಸದ್ದು ಮಾತ್ರ ಕೇಳಿಸುತ್ತಿತ್ತು, ಅದರ ಹಿಂದೆ ಇರಬೇಕಾದ ಗಾಂಭೀರ್ಯವಿರಲಿಲ್ಲ. ಸಿಂಥಸೈಜರಿನ ಸರದಿ ಬಂದಾಗ ಪೆಟ್ಟಿಗೆಯ ಕೆಂಪು ದೀಪ ಆರದೆ ಉರಿಯಿತು; ಸ್ವರ ಮಾತ್ರ ಕಾಣೆಯಾಗಿತ್ತು. "ಮಾವ, ದುಡ್ಡು ನೀರಿಗೆ ಹೋಯಿತು" ಎಂದ. ಮರುದಿನ ಅಂಗಡಿಯವರು ಪರೀಕ್ಷಿಸಿ, ಪೆಟ್ಟಿಗೆಯಲ್ಲಿ ದೋಷವೇನೂ ಇಲ್ಲ, ಹಿಂದಕ್ಕೆ ಪಡೆಯಲಾಗದು ಎಂದರು. ಬೇಸರದ ಸಂಗತಿಯೆಂದರೆ ಅವರು ಹೇಳಿದ್ದು ನಿಜವಾಗಿತ್ತು.

ಆಮೇಲೆ ನಾನು ಕಲಿತದ್ದನ್ನು ವರ್ತಕರ ಭಾಷೆಯಲ್ಲಿಯೇ ಹೇಳುತ್ತೇನೆ. ಚೀಟಿಯ ಮೇಲಿನ 2000 ವ್ಯಾಟ್ ಎಂಬುದು ಗರಿಷ್ಠ ಕ್ಷಣದ ಅಂಕಿ. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿ ಗರಿಷ್ಠವೆಂದು ನಮೂದಿಸುವುದು ಸ್ಪೀಕರ್ ಉದ್ಯಮದಲ್ಲಿ ಹಳೆಯ ರೂಢಿ. ವರ್ಷದ ವಹಿವಾಟೆಷ್ಟೆಂದು ಕೇಳಿದವರಿಗೆ ದೀಪಾವಳಿಯ ಹಿಂದಿನ ದಿನದ ಗಲ್ಲಾಪೆಟ್ಟಿಗೆಯನ್ನು 365ರಿಂದ ಗುಣಿಸಿ ತೋರಿಸಿದಂತೆ. ಹಾಗೆಂದು ವ್ಯಾಟಿನ ವಿಷಯದಲ್ಲಿ ಅತಿಯಾಗಿ ಕೊರಗಬೇಕಾಗಿಯೂ ಇಲ್ಲ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟಾದಂತೆ ತೋರಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ನಿಜವಾದ ಪ್ರಶ್ನೆ ಇರುವುದು ಪೆಟ್ಟಿಗೆ ಎಷ್ಟು ಕೆಳಗಿನ ಸ್ವರದವರೆಗೆ ಇಳಿಯಬಲ್ಲದು ಎಂಬುದರಲ್ಲಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ಕೆಳಗಿನ ಸ್ವರದ ಕಂಪನಾಂಕ 41 ಹರ್ಟ್ಸ್. ಐದು ತಂತಿಯದಾದರೆ 31 ಹರ್ಟ್ಸ್. ನಮ್ಮ ಪೆಟ್ಟಿಗೆಯ ವಿವರಪತ್ರದಲ್ಲಿ "45 ಹರ್ಟ್ಸ್‌ನಿಂದ" ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ "ಮೈನಸ್ 10 ಡೆಸಿಬೆಲ್" ಎಂದೂ ಇತ್ತು. ಆ ಕಂಪನಾಂಕದಲ್ಲಿ ಪೆಟ್ಟಿಗೆ ಕೊಡುವುದು ತನ್ನ ಸಾಮಾನ್ಯ ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮಾತ್ರ ಎಂದು ಅದರ ಅರ್ಥ. ಮೈನಸ್ 3 ಎಂದಿದ್ದರೆ ಅರ್ಧ. ಸಣ್ಣ ಅಕ್ಷರಗಳನ್ನು ಓದಿಯೇ ಹೊಟ್ಟೆ ಹೊರೆಯುವ ವೃತ್ತಿಯವನಾದ ನಾನು ಅದನ್ನು ಓದಿರಲಿಲ್ಲ.

ಗಿಟಾರ್ ಅಷ್ಟಿಷ್ಟು ಕೇಳಿಸಿ ಸಿಂಥಸೈಜರ್ ಪೂರ್ತಿ ಕಾಣೆಯಾದದ್ದೇಕೆ? ತಂತಿಯನ್ನು ಮಿಡಿದಾಗ ಮೂಲಸ್ವರದ ಜೊತೆಗೆ ಅದರ ಎರಡು, ಮೂರು ಪಟ್ಟಿನ ಹಾರ್ಮೋನಿಕ್‌ಗಳೂ ಬಲವಾಗಿ ಹೊಮ್ಮುತ್ತವೆ. 41 ಹರ್ಟ್ಸ್ ಕೇಳಿಸದಿದ್ದರೂ 82 ಹರ್ಟ್ಸ್ ಕೇಳಿಸುತ್ತದೆ. ಉಳಿದದ್ದನ್ನು ನಮ್ಮ ಕಿವಿ ಊಹೆಯಿಂದ ತುಂಬಿಕೊಳ್ಳುತ್ತದೆ. ಸಿಂಥಸೈಜರಿನಲ್ಲಿ ಇಂದು ಪ್ರಚಲಿತವಾಗಿರುವ ಆಳದ ಬೇಸ್‌ನಲ್ಲಿ ಬಹುಪಾಲು ಮೂಲಸ್ವರವೇ ಇರುತ್ತದೆ. ಅದು ಹೋದರೆ ಊಹಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಅಲ್ಲದೆ ಕಂಪನಾಂಕ ಅರ್ಧಕ್ಕಿಳಿದರೆ ಅಷ್ಟೇ ಸದ್ದಿಗೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹಿಂದುಮುಂದಾಗಬೇಕು. ಕೋನ್ ಹರಿಯದಂತೆ ಕಾಯುವ ಲಿಮಿಟರ್ ಒಳಗಿರುವುದರಿಂದ, ಸದ್ದು ಏರಿಸಿದಷ್ಟೂ ಅದು ಬೇಸನ್ನೇ ಕತ್ತರಿಸುತ್ತದೆ. ಕೆಂಪು ದೀಪದ ರಹಸ್ಯ ಅದೇ.

ಅಂಗಡಿಯ ಗೋಡೆಗಳು ಬೇಸಿಗೆ ನೀಡಿದ್ದ ಬೆಂಬಲ ಬಯಲಿನಲ್ಲಿರಲಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸ್ಟುಡಿಯೋದಲ್ಲಿ ಹದಮಾಡಿ ಮುದ್ರಿಸಿದ ಚಿತ್ರಗೀತೆಯನ್ನು ಕೇಳಿ ವಾದ್ಯಕ್ಕೆ ಸ್ಪೀಕರ್ ಆರಿಸಿದ್ದು, ಅಲಂಕರಿಸಿದ ಮಾದರಿ ಮನೆಯನ್ನು ನೋಡಿ ಫ್ಲಾಟ್ ಕೊಂಡಂತಾಯಿತು.

ಪೆಟ್ಟಿಗೆಯ ಹಿಂಬದಿಯ ಫಲಕದಲ್ಲಿ 230 ವೋಲ್ಟ್, 1.2 ಆಂಪಿಯರ್ ಎಂದಿತ್ತು. ಗುಣಿಸಿದೆ: 276 ವ್ಯಾಟ್. ಒಳಹೋಗುವುದು 276, ಹೊರಬರುವುದು 2000, ಇದು ಯಾವ ಊರಿನ ಲೆಕ್ಕ ಎಂದು ಸಂಭ್ರಮದಿಂದ ಎಂಜಿನಿಯರ್ ಮಿತ್ರರೊಬ್ಬರ ಬಳಿಗೆ ಹೋದೆ. ಸಂಗೀತದ ಏರಿಳಿತವನ್ನು ಪರಿಗಣಿಸಿ, ಪೂರ್ಣ ಸಾಮರ್ಥ್ಯದ ಎಂಟನೆಯ ಒಂದು ಭಾಗದಲ್ಲಿ ಅಳೆದ ವಿದ್ಯುತ್ತನ್ನು ಫಲಕದಲ್ಲಿ ಬರೆಯುವ ಪದ್ಧತಿಯಿದೆಯೆಂದು ಅವರು ವಿವರಿಸಿದರು. ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಆ ಪೆಟ್ಟಿಗೆಯನ್ನು ತಯಾರಿಸಿದವರನ್ನು ನಾನು ವಂಚಕರೆಂದು ಕರೆಯದಿರುವುದಕ್ಕೆ ಇದೂ ಒಂದು ಕಾರಣ.

ಆದರೂ ವ್ಯವಸ್ಥೆ ಸರಿಯಿದೆಯೆಂದು ಒಪ್ಪಲಾರೆ. ಅಮೆರಿಕದಲ್ಲಿ ಮನೆಬಳಕೆಯ ಆಂಪ್ಲಿಫೈಯರ್‌ಗಳ ವ್ಯಾಟ್ ಘೋಷಣೆ ಅಳತೆ ಮೀರಿದಾಗ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮವನ್ನೇ ಮಾಡಿ, ನಿರಂತರ ಶಕ್ತಿಯನ್ನು ಪ್ರಕಟಿಸುವಂತೆ ವಿಧಿಸಿತು. 2024ರಲ್ಲಿ ಅಳತೆಯ ಕ್ರಮವನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮಲ್ಲಿ 2012ರಲ್ಲಿ ಮೊದಲು ಹೊರಬಂದ ಎಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿ ಆದೇಶ ನೋಡುವುದು ಸುರಕ್ಷತೆಯನ್ನು, ವ್ಯಾಟಿನ ಸತ್ಯಾಸತ್ಯತೆಯನ್ನಲ್ಲ.

"ಸಾರ್, ಗಿರಾಕಿ ದೊಡ್ಡ ಅಂಕಿಯನ್ನೇ ಕೇಳುತ್ತಾನೆ, ನಾವೇನು ಮಾಡೋಣ?" ಎಂದು ವರ್ತಕ ಮಿತ್ರರು ಕೇಳುತ್ತಾರೆ. ಇದಕ್ಕೆ ಬಲಿಯಾಗುವವನು ಗಿರಾಕಿ ಮಾತ್ರವಲ್ಲ. ನಮ್ಮ ಕೈಗಾರಿಕಾ ವಸಾಹತಿನ ಚಿಕ್ಕ ತಯಾರಕ ಒಳ್ಳೆಯ ವೂಫರ್ ಹಾಕಿ, ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿ, "500 ವ್ಯಾಟ್ ನಿರಂತರ" ಎಂದು ಪ್ರಾಮಾಣಿಕವಾಗಿ ಬರೆದರೆ, ಪಕ್ಕದಲ್ಲಿರುವ ಅದೇ ಸಾಮರ್ಥ್ಯದ "2000" ಅವನನ್ನು ಕಪಾಟಿನಿಂದಲೇ ಹೊರದೂಡುತ್ತದೆ. ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆಯೊಡನೆ ಅವನು ತೂಕದಲ್ಲಿ ಸ್ಪರ್ಧಿಸಲಾರ. ಚಿಕ್ಕ ಗಾತ್ರ, ಆಳದ ಬೇಸ್, ಕಡಿಮೆ ಶಕ್ತಿಯಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನಷ್ಟೇ ಪಡೆಯಬಹುದೆಂಬುದು ಸ್ಪೀಕರ್ ತಂತ್ರಜ್ಞರು ಹಾಫ್‌ಮನ್ ನಿಯಮವೆಂದು ಕರೆಯುವ ಸತ್ಯ. ಅವನು ಸ್ಪರ್ಧಿಸಬಲ್ಲದ್ದು ಮೈನಸ್ 3 ಡೆಸಿಬೆಲ್‌ನ ಅಂಕಿಯಲ್ಲಿ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ತೋರಿಸುವುದಿಲ್ಲ.

ಆದ್ದರಿಂದ ನಮ್ಮ ಸಂಸ್ಥೆಯ ಎಲೆಕ್ಟ್ರಾನಿಕ್ ಸರಕಿನ ಸದಸ್ಯರು ಒಟ್ಟಾಗಿ ಒಂದು ನಿರ್ಧಾರಕ್ಕೆ ಬರಬೇಕೆಂಬುದು ನನ್ನ ಅಭಿಪ್ರಾಯ. ಮಾರುವ ಪ್ರತಿ ಪವರ್ಡ್ ಸ್ಪೀಕರಿನ ಬಿಲ್ಲಿನಲ್ಲಿ ನಿರಂತರ ವ್ಯಾಟ್ ಎಷ್ಟು, ಮೈನಸ್ 3 ಡೆಸಿಬೆಲ್‌ನಲ್ಲಿ ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂಬೆರಡನ್ನು ಬರೆದುಕೊಡಲಿ. ತಯಾರಕರಿಂದ ಆ ವಿವರ ಬರದಿದ್ದರೆ "ತಿಳಿಸಿಲ್ಲ" ಎಂದು ಬರೆಯಲಿ. ಇದಕ್ಕೆ ಕಾನೂನಿಗಾಗಿ ಕಾಯಬೇಕಾಗಿಲ್ಲ. 1951ರಲ್ಲಿ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮರುವರ್ಷವೇ ಅದಕ್ಕೆಂದು ಪ್ರತ್ಯೇಕ ಆಂಪ್ಲಿಫೈಯರನ್ನೂ ತಂದರು. ತಕ್ಕ ಸ್ಪೀಕರಿಲ್ಲದೆ ಈ ವಾದ್ಯ ಸೋಲುತ್ತದೆಂಬುದು ಮಾರುವವರಿಗೆ ಆಗಲೇ ತಿಳಿದಿತ್ತು.

ಸೇವೆಯಿಂದ ಬರುವ ವಾರ್ಷಿಕ ಆದಾಯ 20 ಲಕ್ಷ ರೂಪಾಯಿ ದಾಟದ ವಾದಕನಿಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯೇ ಇರುವುದಿಲ್ಲ, ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆ ಅವನಿಗೆ ಹಿಂದಿರುಗುವುದಿಲ್ಲ. ತಪ್ಪು ಆಯ್ಕೆಯ ಪೂರ್ಣ ಭಾರ ಅವನ ಮೇಲೆಯೇ. ನಮ್ಮ ಪೆಟ್ಟಿಗೆ ಎರಡು ತಿಂಗಳಲ್ಲಿ 34,000ಕ್ಕೆ ಮರುಮಾರಾಟವಾಯಿತು. 18,000 ರೂಪಾಯಿ ನಷ್ಟ, ಸಾಲದ ಬಡ್ಡಿ ಬೇರೆ.

ಎರಡನೆಯ ಸಲ ಗಿಟಾರ್, ಸಿಂಥಸೈಜರ್ ಎರಡನ್ನೂ ಹೊತ್ತುಕೊಂಡೇ ಹೋದೆವು. ಗಿಟಾರಿನ ದುರ್ಬಲ ಸಂಕೇತಕ್ಕೆ ನಡುವೆ ಒಂದು ಡಿ.ಐ. ಬಾಕ್ಸ್ ಬೇಕೆಂಬುದೂ ಅಷ್ಟರಲ್ಲಿ ತಿಳಿದಿತ್ತು. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಹಿರಿಯರೊಬ್ಬರು ತಮ್ಮ ಗೋದಾಮಿನ ಹೊರಗೆ, ಬಯಲಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಅರ್ಧ ದಿನ ನುಡಿಸಲು ಬಿಟ್ಟರು. ಒಂದೇ ಪೆಟ್ಟಿಗೆ ಬೇಕೆಂಬ ಹಟವನ್ನು ಹುಡುಗ ಅಲ್ಲಿ ಕೈಬಿಟ್ಟ. ಬಳಸಿದ 18 ಇಂಚಿನ ಪವರ್ಡ್ ಸಬ್‌ವೂಫರ್, ಅದರ ಮೇಲಿಡಲು 10 ಇಂಚಿನ ಸಣ್ಣ ಪೆಟ್ಟಿಗೆ, ಎರಡನ್ನೂ ಕೊಂಡ. ಸಬ್‌ವೂಫರನ್ನು ಎತ್ತಲು ಇಬ್ಬರು ಬೇಕು. ಹಿರಿಯರು ಬಿಲ್ಲಿನ ಕೆಳಗೆ ತಮ್ಮ ಕೈಬರಹದಲ್ಲಿ "ನಿರಂತರ 500 ವ್ಯಾಟ್, ಮೈನಸ್ 3ರಲ್ಲಿ 38 ಹರ್ಟ್ಸ್" ಎಂದು ಬರೆದು ಸಹಿ ಹಾಕಿಕೊಟ್ಟರು.