ಗುಲುವಿಗೆ ಹೋಗಬೇಡಿ, ಟಿಕೆಟ್ ದುಡ್ಡು ಕಳಿಸಿ

ಯುದ್ಧದಲ್ಲಿ ನೊಂದವರನ್ನು ಕಣ್ಣಾರೆ ಕಂಡರೆ ಮಾತ್ರ ಕರುಳು ಕರಗುತ್ತದೆ, ಆಗಲೇ ಕೊಡುವ ಕೈ ಮುಂದೆ ಬರುತ್ತದೆ ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. ಮರ್ಚಿಸನ್ ಜಲಪಾತದ ಬಳಿ ಸಫಾರಿ, ಅಲ್ಲಿಂದ ಉತ್ತರ ಉಗಾಂಡಾದ ಗುಲು ಪಟ್ಟಣ, ಯಾವುದಾದರೂ ಸೇವಾಸಂಸ್ಥೆಯಲ್ಲಿ ಅರ್ಧ ದಿನ, ಹೊಲಿಗೆ ಕಲಿಯುತ್ತಿರುವ ಹೆಣ್ಣುಮಕ್ಕಳ ಜೊತೆ ಫೋಟೊ. ಇದನ್ನು ಸೇವೆ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಇದು ಪ್ರವಾಸ. ಅದರ ಖರ್ಚನ್ನು ದಾನದ ಲೆಕ್ಕಕ್ಕೆ ಬರೆಯುವುದು ತಪ್ಪು.

ಒಂದೇ ಒಂದು ಅಂಕಿಯನ್ನು ನೋಡಿ. ಉತ್ತರ ಉಗಾಂಡಾದಲ್ಲಿ ಸರ್ಕಾರದ ವಿರುದ್ಧ ಬಂಡೆದ್ದ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯ ಕಮಾಂಡರ್ ಡೊಮಿನಿಕ್ ಒಂಗ್ವೆನ್‌ಗೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷ ಶಿಕ್ಷೆ ವಿಧಿಸಿತು. ಪಜುಲೆ, ಒಡೆಕ್, ಲುಕೋಡಿ, ಅಬೋಕ್ ನಿರಾಶ್ರಿತರ ಶಿಬಿರಗಳ ಮೇಲಿನ ದಾಳಿ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳನ್ನು ಹೊತ್ತೊಯ್ದು ಕೈಗೆ ಬಂದೂಕು ಕೊಟ್ಟಿದ್ದು, ಎಲ್ಲ ಸೇರಿದ ಪ್ರಕರಣ ಅದು. 2024ರ ಫೆಬ್ರುವರಿಯಲ್ಲಿ ಪರಿಹಾರದ ಆದೇಶವೂ ಬಂತು. ಸುಮಾರು 50 ಸಾವಿರ ಸಂತ್ರಸ್ತರಿಗೆ ತಲಾ 750 ಯೂರೊ, ಅದರ ಜೊತೆಗೆ ಪುನರ್ವಸತಿ, ಒಟ್ಟು 5 ಕೋಟಿ 20 ಲಕ್ಷ ಯೂರೊ ದಾಟುವ ಮೊತ್ತ. ಒಂಗ್ವೆನ್ ಬಳಿ ಕಾಸಿಲ್ಲ. ನ್ಯಾಯಾಲಯದ ಸಂತ್ರಸ್ತರ ನಿಧಿಯೇ ದೇಶಗಳ ಮುಂದೆ, ದಾನಿಗಳ ಮುಂದೆ ಕೈಚಾಚಿ ಹಣ ಹೊಂದಿಸಬೇಕು.

750 ಯೂರೊ ಎಂದರೆ 2024ರ ವಿನಿಮಯ ದರದಲ್ಲಿ ನಮ್ಮ ಸುಮಾರು 70 ಸಾವಿರ ರೂಪಾಯಿ. ಬೆಂಗಳೂರಿನಿಂದ ಉಗಾಂಡಾದ ಎಂಟೆಬೆಗೆ ಒಬ್ಬರು ಹೋಗಿಬರುವ ವಿಮಾನದ ಖರ್ಚು ಹೆಚ್ಚೂಕಡಿಮೆ ಅಷ್ಟೇ. ನೀವು ನೋಡಲು ಹೋದ ವ್ಯಕ್ತಿಯ ಜೀವಮಾನದ ನೋವಿಗೆ ಜಗತ್ತು ಕಟ್ಟಿದ ಬೆಲೆಯನ್ನು ನೀವು ಸೀಟಿನಲ್ಲಿ ಕೂತೇ ಖರ್ಚು ಮಾಡಿರುತ್ತೀರಿ. ಹೋಟೆಲ್ಲು, ಜೀಪು, ಗೈಡಿನ ಲೆಕ್ಕ ಬೇರೆ.

‘ಹೋಗಿ ನೋಡದಿದ್ದರೆ ಹಣ ಸರಿಯಾಗಿ ಬಳಕೆಯಾಗುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?’ ಎನ್ನುತ್ತಾರೆ. 2012ರಲ್ಲಿ ಉತ್ತರ ಉಗಾಂಡಾದ ಪುನರ್ನಿರ್ಮಾಣಕ್ಕೆಂದು ಐರ್ಲೆಂಡ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕೊಟ್ಟಿದ್ದ ಕೋಟ್ಯಂತರ ಹಣ ಉಗಾಂಡಾದ ಪ್ರಧಾನಿ ಕಚೇರಿಯಲ್ಲೇ ಮಾಯವಾಗಿದ್ದು ಬಯಲಾಯಿತಲ್ಲ, ಅದನ್ನು ಹಿಡಿದವರು ಯಾರು? ಆ ದೇಶದ್ದೇ ಮಹಾಲೆಕ್ಕಪಾಲರು. ಕಡತ ತೆಗೆಸಿ, ಖಾತೆ ತಾಳೆ ನೋಡಿ ಹಿಡಿದರು. ಹೊಲಿಗೆ ಯಂತ್ರಗಳ ಸಾಲು ನೋಡಿ ತಲೆದೂಗಿ ಬಂದ ಅತಿಥಿಗಳಲ್ಲಿ ಯಾರೂ ಹಿಡಿಯಲಿಲ್ಲ.

ಇನ್ನು ಅತಿಥಿಗಳ ಮುಂದೆ ಕೂರಿಸುವ ಹೆಂಗಸಿನ ಕಡೆಯಿಂದ ಯೋಚಿಸಿ. ಇಪ್ಪತ್ತು ವರ್ಷದ ಹಿಂದೆ ಹತ್ತಾರು ಸಾವಿರ ಮಕ್ಕಳು ಸಂಜೆಯಾದರೆ ಚಾಪೆ, ಕಂಬಳಿ ಹೊತ್ತು ಹಳ್ಳಿಗಳಿಂದ ಪೇಟೆಗೆ ನಡೆದು ಬರುತ್ತಿದ್ದರು. ಬಸ್ ನಿಲ್ದಾಣ, ಚರ್ಚಿನ ಜಗಲಿ, ಗುಲುವಿನ ಲಾಚೋರ್ ಆಸ್ಪತ್ರೆಯ ಅಂಗಳದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿ ಬೆಳಗಾಗುತ್ತಲೇ ವಾಪಸು. ರಾತ್ರಿ ಮನೆಯಲ್ಲಿದ್ದರೆ ಬಂಡುಕೋರರು ಎಳೆದೊಯ್ಯುವ ಭಯ. ಆ ಮಕ್ಕಳಿಗೆ ಈಗ ಮೂವತ್ತರ ಆಸುಪಾಸು. ಸ್ವಂತ ಮಕ್ಕಳಿದ್ದಾರೆ, ಹೊಲವಿದೆ, ಬಾಯ್ಬಿಡದೆ ಒಳಗೇ ಇಟ್ಟುಕೊಂಡ ಸಂಗತಿಗಳಿವೆ. ಪ್ರತಿ ತಂಡ ಬಂದಾಗಲೂ ಅವನ್ನು ಕೆದಕಿ ಹೇಳಿಸುವುದು ಹಿಂಸೆ. ಕೊಡುವವನು ಎದುರು ಕೂತಿರುವಾಗ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಆಕೆಗೆಲ್ಲಿದೆ? ಆ ಬಂಡುಕೋರರ ನಾಯಕ ಕೋನಿಯ ಬಗ್ಗೆ ಮಾಡಿದ ‘ಕೋನಿ 2012’ ಎಂಬ ಅಮೆರಿಕದ ವಿಡಿಯೊವನ್ನು ಒಂದೇ ವಾರದಲ್ಲಿ ಹತ್ತು ಕೋಟಿ ಸಲ ಜಗತ್ತು ನೋಡಿ ಕಣ್ಣೀರಿಟ್ಟಿತು. ಅದನ್ನೇ ಉತ್ತರ ಉಗಾಂಡಾದ ಲಿರಾ ಪಟ್ಟಣದಲ್ಲಿ ಪರದೆ ಕಟ್ಟಿ ತೋರಿಸಿದಾಗ, ಅನುಭವಿಸಿದ ಜನ ಸಿಟ್ಟಿಗೆದ್ದು ಕಲ್ಲು ಬೀರಿದರು. ಅಷ್ಟಾದರೂ ನಮಗೆ ಅರ್ಥವಾಗಲಿಲ್ಲವೇ?

ಸೇವಾಸಂಸ್ಥೆಯ ಅಂಗಳದಲ್ಲಿ ಕಾಣದ್ದು ಬಹಳವಿದೆ. 1980ರ ದಶಕದ ಕೊನೆಯಿಂದ ಈ ಭಾಗದ ಅಚೋಲಿ ಜನರ ಲಕ್ಷಾಂತರ ದನಗಳನ್ನು ದಾಳಿಕೋರರು, ಸೈನಿಕರು, ಬಂಡುಕೋರರು ಸರದಿಯಂತೆ ಹೊಡೆದುಕೊಂಡು ಹೋದರು. ಉಳುವ ಎತ್ತು ಹೋಯಿತು, ಮದುವೆಯ ತೆರ ಹೋಯಿತು, ಮಗನ ಶಾಲೆಯ ಶುಲ್ಕ ಹೋಯಿತು. ಆಮೇಲೆ ಸರ್ಕಾರವೇ ಜನರನ್ನು ಶಿಬಿರಗಳಿಗೆ ಅಟ್ಟಿತು. ಅಲ್ಲಿ ಯುದ್ಧದ ಗುಂಡಿಗಿಂತ ಮಲೇರಿಯಾ, ಭೇದಿಗೆ ಸತ್ತವರೇ ಹೆಚ್ಚು. ಶಿಬಿರ ಬಿಟ್ಟು ಬಂದರೆ ಗಡಿಕಲ್ಲು ತೋರಿಸುತ್ತಿದ್ದ ಹಿರಿಯರು ಇಲ್ಲ, ಜಮೀನಿಗೆ ಕಾಗದವಿಲ್ಲ. ಆ ಹೊತ್ತಿಗೇ ಅಮುರು ಜಿಲ್ಲೆಯ ನೆಲದ ಮೇಲೆ ಸಕ್ಕರೆ ಕಾರ್ಖಾನೆಯ ಕಣ್ಣು ಬಿತ್ತು. ಕಬ್ಬು ಬೆಳೆಯಲು ಜಾಗ ಬೇಡಿದ್ದು ಗುಜರಾತಿ ಮೂಲದ ಮಾಧ್ವಾನಿ ಉದ್ಯಮ ಸಮೂಹ. 2012ರಲ್ಲಿ ಅಲ್ಲಿನ ಹೆಂಗಸರು ಮೈಮೇಲಿನ ಬಟ್ಟೆ ಕಳಚಿ ನಿಂತು ಅದನ್ನು ವಿರೋಧಿಸಿದರು. ಭಾರತದಿಂದ ಹೋಗುವವರು ಮೊದಲು ಈ ಕತೆ ಕೇಳಬೇಕು. ಬೇಲಿ, ಕಬ್ಬಿನ ಗದ್ದೆ, ಭೂ ವ್ಯಾಜ್ಯದ ಕಟಕಟೆ ಯಾವ ಭೇಟಿಯ ಪಟ್ಟಿಯಲ್ಲಿದೆ?

ಗುಲುವಿನಲ್ಲಿ ಒಳ್ಳೆಯ ಕೆಲಸ ಮಾಡುವವರು ಇದ್ದಾರೆ. ಸೇಂಟ್ ಮೋನಿಕಾ ಹೊಲಿಗೆ ಶಾಲೆಯ ಸಿಸ್ಟರ್ ರೋಸ್‌ಮೇರಿ ನ್ಯಿರುಂಬೆ, ಬಂಡುಕೋರರಿಂದ ತಪ್ಪಿಸಿಕೊಂಡು ಕಂಕುಳಲ್ಲಿ ಕೂಸಿಟ್ಟುಕೊಂಡು ಬಂದ ಹುಡುಗಿಯರಿಗೆ ಬಾಗಿಲು ತೆರೆದವರು. ಇಂಥವರಿಗೆ ಬೇಕಿರುವುದು ಹಣ, ಬಟ್ಟೆ ಕೊಳ್ಳುವ ಗಿರಾಕಿ, ಸಂಬಳ ಕೊಡುವ ಖಾತರಿ. ಅತಿಥಿ ಸತ್ಕಾರಕ್ಕೆ ಅವರ ದಿನವನ್ನು ಹಾಳು ಮಾಡಬೇಡಿ.

ಸಫಾರಿಗೆ ಹೋಗಿ, ಆನೆ ನೋಡಿ, ಯಾರೂ ಬೇಡವೆನ್ನುವುದಿಲ್ಲ. ನೊಂದವರಿಗೆ ನೆರವಾಗುವುದೇ ಉದ್ದೇಶವಾದರೆ ಟಿಕೆಟ್ಟಿನ ದುಡ್ಡನ್ನು ಹಾಗೇ ಕಳಿಸಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ವಿದೇಶಕ್ಕೆ ದೇಣಿಗೆ ಕಳಿಸಲು ಅವಕಾಶವಿದೆ, ಹೇಗ್‌ನ ಸಂತ್ರಸ್ತರ ನಿಧಿ ಖಾಸಗಿ ವ್ಯಕ್ತಿಗಳ ಹಣವನ್ನೂ ಸ್ವೀಕರಿಸುತ್ತದೆ.