ಅನ್ಯರ ಹಣಕ್ಕೆ ಸಲಹೆ ಹೇಳುವ ಕಾಯಕ



ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರೆಂಬುದು ನಮಗೆಲ್ಲ ತಿಳಿದ ಸಂಗತಿ. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂದು ಕೊಂಡೆಯರು ದೂರಿತ್ತಾಗ ಅವರು ಲೆಕ್ಕವನ್ನು ತೆರೆದಿಟ್ಟರೆಂದೂ, ಅದರಲ್ಲಿ ಎಳ್ಳಷ್ಟೂ ಕೊರತೆ ಕಾಣಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಅನ್ಯರ ಹಣವನ್ನು ಮುಟ್ಟುವವನ ಮೊದಲ ಧರ್ಮ ಇದೇ: ಕೇಳಿದೊಡನೆ ಲೆಕ್ಕ ತೋರಿಸುವಂತಿರಬೇಕು.

ಆ ಕಲ್ಯಾಣವಿರುವ ನಮ್ಮ ಬೀದರ ಜಿಲ್ಲೆಯಲ್ಲಿ ಇಂದು ಅನೇಕ ತರುಣರು ವಿಮೆ, ಮ್ಯೂಚುವಲ್ ಫಂಡ್, ಠೇವಣಿಗಳ ಸಲಹೆ ಹೇಳುವ ಉದ್ಯೋಗ ಹಿಡಿದಿದ್ದಾರೆ. ಇದು ಒಳ್ಳೆಯ ಕಾಯಕವೇ. ಆದರೆ ಒಂದು ಪ್ರಸಂಗವನ್ನು ಯೋಚಿಸಿ. ಬಗದಲ್‌ನ ರೈತನೊಬ್ಬ ಸೋಯಾ, ಉದ್ದು ಮಾರಿ ಮಗಳ ಮದುವೆಗೆಂದು ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದಾನೆ. ಮದುವೆಗೆ ಇನ್ನು ಮೂರೇ ವರ್ಷ. ಕೊರಳಲ್ಲಿ ಇಷ್ಟಲಿಂಗ ಧರಿಸಿದ, ಬೀಗರ ಪೈಕಿಯ ಯುವಕನೊಬ್ಬ ಬಂದು, "ಕಾಕಾ, ಇದನ್ನು ಒಮ್ಮೆ ಕಟ್ಟಿದರೆ ಸಾಕು, ಬ್ಯಾಂಕಿಗಿಂತ ಹೆಚ್ಚು ಬರುತ್ತದೆ" ಎನ್ನುತ್ತಾನೆ. ನಮ್ಮವನೇ ಎಂದು ರೈತ ರುಜು ಹಾಕುತ್ತಾನೆ. ಮರುವರ್ಷ ಇನ್ನೊಂದು ಲಕ್ಷದ ಕಂತು ಕಟ್ಟಿರೆಂದು ಕಾಗದ ಬರುತ್ತದೆ. ಅದು ಹತ್ತು ವರ್ಷ ಕಂತು ಕಟ್ಟಬೇಕಾದ ಪಾಲಿಸಿ! ನಡುವೆ ಬಿಟ್ಟರೆ ಕಟ್ಟಿದ ಹಣ ಪೂರ್ತಿ ಮರಳದು. ಯುವಕನಿಗಾದರೋ ಕಮಿಷನ್ ಸಂದುಹೋಗಿದೆ.

ಇಲ್ಲಿ ಕಳೆದುಹೋದದ್ದು ಹಣವೊಂದೇ ಅಲ್ಲ. ಲಿಂಗವನ್ನು ಕಂಡು ಮೂಡಿದ ನಂಬಿಕೆಯೇ ಮಾರಾಟವಾಯಿತು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಮಗೆ ಗೊತ್ತಿದೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಆದರೂ ಕಾಯಕಕ್ಕೆ ಮೀರಿದ್ದಾಗಿತ್ತು. ಸಲಹೆಗಾರನ ಕಮಿಷನ್ನೂ ಹಾಗೆಯೇ. ಕಾನೂನು ಒಪ್ಪಿದ ಮಾತ್ರಕ್ಕೆ ಅದು ಕಾಯಕದ ಫಲವಾಗದು. ಕೇಳಿದವನಿಗೆ ಹಿತವಾದಾಗಲೇ ಅದು ಶುದ್ಧ.

ಸರಕಾರದ ನಿಯಮಗಳೂ ಇದೇ ದಾರಿಯಲ್ಲಿವೆ. ಸೆಬಿ ಸಂಸ್ಥೆಯು 2013ರಲ್ಲಿ ಹೂಡಿಕೆ ಸಲಹೆಗಾರರಿಗೆಂದೇ ನಿಯಮಗಳನ್ನು ತಂದಿತು. ಸಲಹೆಗಾರನು ನೋಂದಾಯಿಸಿಕೊಂಡಿರಬೇಕು, ಗ್ರಾಹಕನ ಆದಾಯ, ಸಾಲ, ಅವಧಿ, ನಷ್ಟ ತಾಳುವ ಶಕ್ತಿ ಇವುಗಳನ್ನು ವಿಚಾರಿಸಿ ತಕ್ಕ ಸಲಹೆಯನ್ನೇ ಕೊಡಬೇಕು, ತನ್ನ ಸ್ವಾರ್ಥವೇನಾದರೂ ಅಡಗಿದ್ದರೆ ಬಾಯಿಬಿಟ್ಟು ಹೇಳಬೇಕು. 2020ರ ತಿದ್ದುಪಡಿಯಂತೆ, ಸಲಹೆಗೆ ಶುಲ್ಕ ಪಡೆದ ಗ್ರಾಹಕನಿಗೇ ಕಮಿಷನ್ ಪಡೆದು ಯೋಜನೆಗಳನ್ನು ಮಾರುವಂತಿಲ್ಲ. ನೋಂದಣಿಯಿಲ್ಲದ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ.

ಗೃಹಸ್ಥರಿಗೂ ಕರ್ತವ್ಯವುಂಟು. ಸಂಕೋಚಪಡದೆ ನಾಲ್ಕು ಪ್ರಶ್ನೆ ಕೇಳಿರಿ: ಎಷ್ಟು ವರ್ಷ ಕಟ್ಟಬೇಕು? ನಡುವೆ ಬೇಕಾದರೆ ಎಷ್ಟು ಮರಳುತ್ತದೆ? ನಷ್ಟವಾಗುವುದುಂಟೇ? ಇದರಲ್ಲಿ ನಿನಗೇನು ದೊರೆಯುತ್ತದೆ? ಉತ್ತರವನ್ನು ಬರೆದುಕೊಡಲು ಹೇಳಿರಿ. ಜೀವವಿಮೆಯ ಪಾಲಿಸಿ ಕೈಸೇರಿದ ಮೇಲೆ, ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವನ್ನು 2024ರ ನಿಯಮಗಳು ನೀಡಿವೆ. ಅಲ್ಪ ಕಡಿತ ಕಳೆದು ಹಣ ಮರಳುತ್ತದೆ. ಆದ್ದರಿಂದ ಕಾಗದವನ್ನು ದೇವರ ಕೋಣೆಯಲ್ಲಿಟ್ಟು ಮರೆಯದೆ, ಓದಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿರಿ.

ನಮ್ಮ ಜಿಲ್ಲೆಯ ತಾಯಂದಿರು ಸಹಕಾರ ಕೇಂದ್ರ ಬ್ಯಾಂಕಿನ ಆಶ್ರಯದಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟಿ ದೇಶಕ್ಕೆ ಮಾದರಿಯಾದರು. ಆ ಗುಂಪುಗಳಲ್ಲಿ ಎಲ್ಲರೆದುರು ಹಣ ಎಣಿಸಿ, ಎಲ್ಲರೆದುರು ಪುಸ್ತಕ ಬರೆಯುತ್ತಾರೆ. ಓದಿದ ಸಲಹೆಗಾರನಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಈ ಉದ್ಯೋಗದಲ್ಲಿರುವ ತರುಣರೇ, ಮೂರು ವರ್ಷಕ್ಕೆ ಬೇಕಾದ ಹಣವೆಂದು ತಿಳಿದಾಗ, "ಕಾಕಾ, ನನ್ನ ಯೋಜನೆ ನಿಮಗೆ ಬೇಡ, ಬ್ಯಾಂಕಿನ ಠೇವಣಿಯೇ ಸಾಕು" ಎಂದು ಹೇಳುವ ಧೈರ್ಯ ನಿಮಗಿರಲಿ. ಆ ದಿನದ ಕಮಿಷನ್ ಹೋದೀತು. ಆದರೆ ಆ ಮನೆಯ ಬಾಗಿಲು ನಿಮಗೆ ಎಂದಿಗೂ ಮುಚ್ಚದು.