ಚದುರಂಗದ ವಿಡಿಯೋ ಮತ್ತು ‘ಉಚಿತ’ದ ಬೆಲೆ

‘ಉಚಿತ’ವೆಂಬ ಪದವನ್ನು ಕಂಡೊಡನೆ ಷರತ್ತುಗಳನ್ನು ಓದಬೇಕೆಂಬುದು ಬ್ಯಾಂಕಿನ ವೃತ್ತಿ ಕಲಿಸುವ ಪಾಠ. ಚದುರಂಗದ ವಿಡಿಯೋ ತಯಾರಿಸಬಯಸುವ ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಕೆಲವು ತಂತ್ರಾಂಶಗಳು ಉಚಿತವೆಂದು ಹೇಳಿಕೊಂಡು, ಸಿದ್ಧವಾದ ಚಿತ್ರದ ಮೇಲೆ ತಮ್ಮ ಮುದ್ರೆಯನ್ನೊತ್ತುತ್ತವೆ. ಅದನ್ನು ತೆಗೆಯಲು ಹಣ ಕೇಳುತ್ತವೆ. ಆದ್ದರಿಂದ, ಒಳರಚನೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ಮುಕ್ತ ತಂತ್ರಾಂಶಗಳನ್ನು ಆರಿಸುವುದೇ ಲೇಸು.

2010ರಲ್ಲಿ ಆರಂಭವಾಗಿ, ದೇಣಿಗೆಯಿಂದ ನಡೆಯುತ್ತಿರುವ ಲೀಚೆಸ್‌ನಲ್ಲಿ ಆಟವನ್ನು ನಡೆನಡೆಯಾಗಿ ತೋರಿಸಬಹುದು. ಒಬಿಎಸ್ ಸ್ಟುಡಿಯೋ ಪರದೆಯನ್ನೂ ಧ್ವನಿಯನ್ನೂ ಒಟ್ಟಿಗೆ ದಾಖಲಿಸುತ್ತದೆ. ಬೇಡದ ಭಾಗವನ್ನು ಕತ್ತರಿಸಲು ಶಾಟ್‌ಕಟ್ ಸಾಕು. ಈ ಮೂರಕ್ಕೂ ಶುಲ್ಕವಿಲ್ಲ, ಮುದ್ರೆಯೂ ಇಲ್ಲ. ಉಳಿದ ಹಣದಲ್ಲಿ ಒಳ್ಳೆಯ ಮೈಕನ್ನು ಕೊಳ್ಳಲಿ.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳು ಆನೆ, ಕುದುರೆ, ಒಂಟೆಗಳ ನಡೆಯನ್ನು ಕನ್ನಡದಲ್ಲಿಯೇ ವಿವರಿಸಿದರೆ, ಆಟದೊಡನೆ ನುಡಿಯೂ ಉಳಿದೀತು.